ನಮ್ಮ ಮೈಯ ರಸಾಯನ, ನಮ್ಮೂರ ನೀರು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಬೆಳಗಿನ ವಿಜ್ಞಾನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ಈ ಶಾಲೆಯ ಹದಿಮೂರನೆಯ ಬ್ಯಾಚಿನವನು. ಈಗ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಮುಖ್ಯ ಶಿಕ್ಷಕರು ಫೋನ್ ಮಾಡಿ, "ಮಕ್ಕಳಿಗೆ ಜೀವಶಾಸ್ತ್ರದಲ್ಲಿ ರಸಾಯನ ಬಂದ ಕೂಡಲೇ ತಲೆ ಕೆಡುತ್ತೆ ಸಾರ್, ಕಾರ್ಬೋಹೈಡ್ರೇಟು, ಪ್ರೋಟೀನು, ಕೊಬ್ಬು ಅಂತ ಪಟ್ಟಿ ಬಾಯಿಪಾಠ ಮಾಡ್ತಾರೆ, ಪರೀಕ್ಷೆ ಆದ ಮಾರನೇ ದಿನ ಮರೀತಾರೆ. ಅದರ ಬಗ್ಗೆ ಸ್ವಲ್ಪ ಮಾತಾಡಿ" ಎಂದರು. ಒಪ್ಪಿಕೊಂಡೆ. ಪರದೆ, ಪ್ರೊಜೆಕ್ಟರ್ ಬೇಡ ಎಂದೆ. ಮೇಜಿನ ಮೇಲೆ ನಾಲ್ಕು ಸಾಮಾನು ಇಟ್ಟಿದ್ದೇನೆ: ಒಂದು ತೆಂಗಿನಕಾಯಿ, ಒಂದು ಹಿಡಿ ರಾಗಿ, ಹಳೇಬೀಡಿನ ಅಂಗಡಿಯಲ್ಲಿ ಕೊಂಡ ಒಂದು ಪುಟ್ಟ ಬಳಪದ ಕಲ್ಲಿನ ಆನೆ, ಮತ್ತೆ ಒಂದು ಬಾಟಲಿ ನೀರು. ನೀರು ನಮ್ಮ ಊರಿನದೇ. ಅದರ ವಿಚಾರ ಕೊನೆಗೆ ಹೇಳುತ್ತೇನೆ; ನಿಜ ಹೇಳಬೇಕೆಂದರೆ, ನಾನು ಬಂದಿರುವುದೇ ಅದಕ್ಕಾಗಿ.

ಮೊದಲು ಈ ಆನೆ. ನೀವೆಲ್ಲ ಬೇಲೂರು, ಹಳೇಬೀಡಿಗೆ ಪ್ರವಾಸ ಹೋಗಿಬಂದವರು. ನಮಗಂತೂ ಅದು ಒಂದು ದಿನದ ಬುತ್ತಿಯ ಪ್ರವಾಸ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ. ಒಂಬೈನೂರು ವರ್ಷ ಕಳೆದರೂ ಮದನಿಕೆಯರ ಬೆರಳಿನ ಉಂಗುರ, ಕೊರಳಿನ ಸರ ಹಾಗೇ ಇವೆ. ಆ ಬಳಪದ ಕಲ್ಲು ಮೆದುವಾದದ್ದು, ಉಳಿಗೆ ಸುಲಭವಾಗಿ ಬಗ್ಗುತ್ತದೆ. ಅದರಲ್ಲಿ ಮುಖ್ಯವಾಗಿ ಮೆಗ್ನೀಸಿಯಂ, ಸಿಲಿಕಾನ್, ಆಮ್ಲಜನಕ, ಜೊತೆಗೆ ಸ್ವಲ್ಪ ಜಲಜನಕ, ಅಲ್ಯೂಮಿನಿಯಂ, ಕಬ್ಬಿಣ ಇವೆ.

ಈಗ ನಿಮ್ಮ ಮೈ ತೆಗೆದುಕೊಳ್ಳಿ. ನಿಮ್ಮ ತೂಕ 50 ಕಿಲೋ ಎಂದಿಟ್ಟುಕೊಳ್ಳೋಣ. ಅದರಲ್ಲಿ ಸುಮಾರು 32 ಕಿಲೋ ಆಮ್ಲಜನಕ, 9 ಕಿಲೋ ಇಂಗಾಲ, 5 ಕಿಲೋ ಜಲಜನಕ, ಒಂದೂವರೆ ಕಿಲೋ ಸಾರಜನಕ, ಮುಕ್ಕಾಲು ಕಿಲೋ ಕ್ಯಾಲ್ಸಿಯಂ, ಅರ್ಧ ಕಿಲೋ ರಂಜಕ. ಮಿಕ್ಕದ್ದೆಲ್ಲ ಸೇರಿ ಒಂದು ಕಿಲೋದೊಳಗೆ. ಕಬ್ಬಿಣ ಇಡೀ ಮೈಯಲ್ಲಿ ಮೂರು ನಾಲ್ಕು ಗ್ರಾಂ ಮೀರದು, ಒಂದು ಸಣ್ಣ ಮೊಳೆಯಷ್ಟು. ಆದರೆ ಆ ಮೊಳೆಯಷ್ಟು ಕಬ್ಬಿಣ ಕಡಿಮೆಯಾದರೆ ರಕ್ತ ಆಮ್ಲಜನಕ ಹೊರಲಾರದು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ಕಿಟಕಿಯಿಂದ ಆಚೆ ಎಸೆಯುವ ಹೆಣ್ಣುಮಕ್ಕಳು ಇದನ್ನು ನೆನಪಿಡಬೇಕು. ನಗಬೇಡಿ, ಎಸೆಯುತ್ತೀರಿ ಎಂದು ನನಗೆ ಗೊತ್ತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಜೀವಿಗಳಿಗೆಂದೇ ಬೇರೆ ಧಾತುಗಳಿಲ್ಲ. ಆನೆಯ ಕಲ್ಲಿನಲ್ಲಿರುವ ಮೆಗ್ನೀಸಿಯಂ ತೆಂಗಿನ ಗರಿಯ ಹಸಿರಿನಲ್ಲೂ ಇದೆ. ಪತ್ರಹರಿತ್ತಿನ ಒಂದೊಂದು ಅಣುವಿನ ನಡುವೆಯೂ ಒಂದು ಮೆಗ್ನೀಸಿಯಂ ಪರಮಾಣು ಕುಳಿತಿದೆ. ಹಿಂದಿನವರು ಜೀವಿಯೊಳಗಿನ ವಸ್ತುಗಳನ್ನು ಜೀವಿಯೇ ಮಾಡಬೇಕು, ಅದಕ್ಕೊಂದು ವಿಶೇಷ ಶಕ್ತಿ ಬೇಕು ಎಂದು ನಂಬಿದ್ದರು. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಪ್ರಯೋಗಶಾಲೆಯಲ್ಲಿ ಯೂರಿಯಾ ತಯಾರಿಸಿದ. ಅಲ್ಲಿಯವರೆಗೆ ಅದು ಪ್ರಾಣಿಗಳ ಮೂತ್ರದಲ್ಲಿ ಮಾತ್ರ ಸಿಗುವ ವಸ್ತುವಾಗಿತ್ತು. ಇವತ್ತು ಅದೇ ಯೂರಿಯಾ ಸೊಸೈಟಿಯಿಂದ ಮೂಟೆಯಲ್ಲಿ ನಿಮ್ಮ ಮನೆಗೆ ಬರುತ್ತದೆ. ಕೊಟ್ಟಿಗೆಯ ಗಂಜಲದಲ್ಲಿರುವುದಕ್ಕೂ ಮೂಟೆಯಲ್ಲಿರುವುದಕ್ಕೂ ಅಣುವಿನ ಮಟ್ಟದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ.

ಹಾಗಾದರೆ ಕಲ್ಲಿಗೂ ಕಾಯಿಗೂ ವ್ಯತ್ಯಾಸ ಏನು? ಎರಡು ಮಾತಿನಲ್ಲಿ ಹೇಳಬಹುದು: ಜೋಡಣೆ ಮತ್ತು ಅಳತೆ. ಯಾವುದು ಯಾವುದರ ಜೊತೆ ಹೇಗೆ ಸೇರಿದೆ, ಎಷ್ಟು ಸೇರಿದೆ. ಈ ಎರಡು ಮಾತು ನೆನಪಿದ್ದರೆ ನಿಮ್ಮ ಪಟ್ಟಿ ತಾನಾಗಿ ನೆನಪಿರುತ್ತದೆ.

ಈಗ ಕಾಯಿ ಒಡೆಯೋಣ. ನೀರು ಲೋಟಕ್ಕೆ ಹಿಡಿಯಪ್ಪಾ, ಚೆಲ್ಲಬೇಡ.

ಎಳನೀರಿನಲ್ಲಿ ನೂರಕ್ಕೆ ಸುಮಾರು 95 ಭಾಗ ಬರೀ ನೀರು. ನಿಮ್ಮ ಮೈಯಲ್ಲೂ ತೂಕದ ಅರ್ಧಕ್ಕಿಂತ ಹೆಚ್ಚು ನೀರೇ. ನೀರಿನ ಅಣುವಿನ ಒಂದು ಕಡೆ ಸ್ವಲ್ಪ ಧನ, ಇನ್ನೊಂದು ಕಡೆ ಸ್ವಲ್ಪ ಋಣ ವಿದ್ಯುದಂಶ ಇರುತ್ತದೆ. ಅದಕ್ಕೇ ಉಪ್ಪನ್ನು, ಸಕ್ಕರೆಯನ್ನು, ಬಂಡೆಯೊಳಗಿನ ಖನಿಜವನ್ನೂ ಅದು ಕರಗಿಸಿಕೊಳ್ಳುತ್ತದೆ. ಬಂಡೆಯ ಮಾತು ಮರೆಯಬೇಡಿ, ಆಮೇಲೆ ಬೇಕಾಗುತ್ತದೆ. ಎಳನೀರಿನಲ್ಲಿ ಸಕ್ಕರೆ ಇದೆ, ಲವಣಗಳಿವೆ; ಪೊಟ್ಯಾಸಿಯಂ ಅಂತೂ 100 ಮಿಲಿಲೀಟರಿಗೆ 200 ಮಿಲಿಗ್ರಾಂ ಆಸುಪಾಸು. ಇವೆಲ್ಲ ನಮಗಾಗಿ ಇಟ್ಟದ್ದಲ್ಲ, ಒಳಗಿನ ಮೊಳಕೆಗೆ ಇಟ್ಟ ಬುತ್ತಿ. 1941ರ ಹೊತ್ತಿಗೇ ಅಮೆರಿಕದ ಸಸ್ಯವಿಜ್ಞಾನಿಗಳು ಇದೇ ತೆಂಗಿನಕಾಯಿ ನೀರನ್ನು ಗಾಜಿನ ತಟ್ಟೆಗೆ ಹಾಕಿ, ಬೇರೆ ಗಿಡಗಳ ಎಳೆಯ ಭ್ರೂಣಗಳನ್ನು ಬೆಳೆಸಿದ್ದರು. ಜೀವಕೋಶ ಒಡೆದು ಎರಡಾಗಲು ಪ್ರೇರಿಸುವ ಸಸ್ಯ ಹಾರ್ಮೋನುಗಳು ಇದರಲ್ಲಿವೆ ಎಂದು ಆಮೇಲೆ ತಿಳಿಯಿತು. ನಾವು ಜ್ವರ ಬಂದಾಗ ಕುಡಿಯುವ ನೀರು ಪ್ರಯೋಗಶಾಲೆಯ ಸಾಮಗ್ರಿಯೂ ಹೌದು.

ನೀರು ಜೀವಕ್ಕೆ ಎಷ್ಟು ಮುಖ್ಯ ಎಂದು ತಿಳಿಯಬೇಕಾದರೆ ನಿಮ್ಮ ಮನೆಯ ಅಟ್ಟ ನೋಡಿ. ಅರಸೀಕೆರೆ, ತಿಪಟೂರು ಕಡೆಯ ಉಂಡೆ ಕೊಬ್ಬರಿ ಹೇಗಾಗುತ್ತದೆ? ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಸದ್ದಾಗುತ್ತದೆ. ಹಸಿ ಕಾಯಿಯ ತಿರುಳಿನಲ್ಲಿ ತೂಕದ ಸುಮಾರು ಅರ್ಧ ನೀರು. ಒಳ್ಳೆಯ ಕೊಬ್ಬರಿಯಲ್ಲಿ ನೂರಕ್ಕೆ ಆರೇಳು ಭಾಗ. ಒಡೆದ ಹಸಿ ಕಾಯಿ ಎರಡು ದಿನಕ್ಕೆ ಲೋಳೆ ಬರುತ್ತದೆ, ಕೊಬ್ಬರಿ ತಿಂಗಳುಗಟ್ಟಲೆ ಇರುತ್ತದೆ. ಕೆಡಿಸುವ ಬೂಸ್ಟಿಗೂ ಬ್ಯಾಕ್ಟೀರಿಯಾಕ್ಕೂ ಬದುಕಲು ನೀರು ಬೇಕು. ನೀರು ಸಿಗದಿದ್ದರೆ ಅವುಗಳ ರಸಾಯನ ನಿಂತುಹೋಗುತ್ತದೆ. ಮಳೆಗಾಲದಲ್ಲಿ ತೇವ ಹಿಡಿದ ಕೊಬ್ಬರಿ ಏಕೆ ಕಮಟುತ್ತದೆ ಎಂದು ಈಗ ನೀವೇ ಹೇಳಬಹುದು.

ಕೊಬ್ಬರಿಯಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಎಣ್ಣೆ. ಧನುರ್ಮಾಸದ ಬೆಳಗ್ಗೆ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗಿರುತ್ತದೆ, ಅಮ್ಮ ಒಲೆಯ ಪಕ್ಕ ಇಡುತ್ತಾರೆ. ಅದೇ ಅಡುಗೆಮನೆಯಲ್ಲಿ ಹುಚ್ಚೆಳ್ಳೆಣ್ಣೆ ನೀರಿನ ಹಾಗೆ ಹರಿಯುತ್ತಿರುತ್ತದೆ. ಎರಡೂ ಎಣ್ಣೆಯೇ, ಎರಡೂ ಇಂಗಾಲದ ಸರಪಳಿಯೇ. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಅರ್ಧ ಪಾಲು ಲಾರಿಕ್ ಆಮ್ಲ. ಹನ್ನೆರಡು ಇಂಗಾಲಗಳ ನೆಟ್ಟನೆಯ ಸರಪಳಿ. ಕಡ್ಡಿಗಳನ್ನು ಕಟ್ಟು ಕಟ್ಟಿದ ಹಾಗೆ ಒಂದರ ಪಕ್ಕ ಒಂದು ಒತ್ತಾಗಿ ಕೂರುತ್ತವೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿ. ಹುಚ್ಚೆಳ್ಳೆಣ್ಣೆಯ ಸರಪಳಿಗಳಲ್ಲಿ ನಡುವೆ ದ್ವಿಬಂಧಗಳಿವೆ, ಅಲ್ಲಲ್ಲಿ ಸೊಟ್ಟ. ಸೊಟ್ಟ ಕಡ್ಡಿಗಳನ್ನು ಒತ್ತಾಗಿ ಕಟ್ಟಲು ಬರುವುದಿಲ್ಲ, ಆದ್ದರಿಂದ ಚಳಿಯಲ್ಲೂ ಹರಿಯುತ್ತದೆ. ಪರ್ಯಾಪ್ತ, ಅಪರ್ಯಾಪ್ತ ಎಂದು ಪುಸ್ತಕದಲ್ಲಿ ಬರುವ ಮಾತಿನ ಅರ್ಥ ಇಷ್ಟೇ. ನಿಮ್ಮ ಮೈಯ ಒಂದೊಂದು ಜೀವಕೋಶದ ಸುತ್ತಲಿನ ಪೊರೆಯೂ ಇಂಥ ಸರಪಳಿಗಳಿಂದಲೇ ಆದದ್ದು.

ಇನ್ನು ರಾಗಿ. ರಾಗಿಯ ಕಾಳು ನಮಗೆ, ರಾಗಿಯ ಹುಲ್ಲು ಹಸುವಿಗೆ. ಕಾಳಿನಲ್ಲಿ ಪಿಷ್ಟ, ಹುಲ್ಲಿನಲ್ಲಿ ಸೆಲ್ಯುಲೋಸ್. ಎರಡೂ ಗ್ಲೂಕೋಸ್ ಎಂಬ ಒಂದೇ ಸಕ್ಕರೆಯ ಮಣಿಗಳನ್ನು ಪೋಣಿಸಿದ ಸರ. ಪೋಣಿಸಿದ ರೀತಿ ಮಾತ್ರ ಬೇರೆ. ಪಿಷ್ಟದಲ್ಲಿ ಮಣಿಗಳೆಲ್ಲ ಒಂದೇ ಮುಖವಾಗಿ ಕೂತಿವೆ, ಸೆಲ್ಯುಲೋಸ್‌ನಲ್ಲಿ ಒಂದು ಬಿಟ್ಟು ಒಂದು ತಿರುವಿ ಕೂತಿವೆ. ಇಷ್ಟೇ ಜೋಡಣೆಯ ವ್ಯತ್ಯಾಸಕ್ಕೆ ಒಂದು ಮುದ್ದೆಯಾಗುತ್ತದೆ, ಇನ್ನೊಂದು ಬಣವೆಯಾಗುತ್ತದೆ. ನಮ್ಮ ಹೊಟ್ಟೆಯಲ್ಲಿ ಮೊದಲನೆಯ ಕೊಂಡಿ ಬಿಡಿಸುವ ಕಿಣ್ವ ಇದೆ, ಎರಡನೆಯದನ್ನು ಬಿಡಿಸುವುದು ಇಲ್ಲ. ಹಸುವಿಗೂ ಸ್ವಂತದ್ದಿಲ್ಲ, ಅದರ ಮೆಲುಕು ಚೀಲದಲ್ಲಿ ಬಾಡಿಗೆಗಿರುವ ಸೂಕ್ಷ್ಮಜೀವಿಗಳು ಆ ಕೆಲಸ ಮಾಡಿಕೊಡುತ್ತವೆ.

ಕಿಣ್ವ ಎಂದರೆ ಏನು ಎಂದು ಕೇಳಿದರೆ ಅಜ್ಜಿಯನ್ನು ಕೇಳಿ. ಮಗುವಿಗೆ ಸರಿ ಮಾಡಲು ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಬೀಸುತ್ತಾರೆ. ಬರೀ ರಾಗಿಹಿಟ್ಟಿನ ಗಂಜಿ ಗಟ್ಟಿಯಾಗುತ್ತದೆ. ಮೊಳಕೆ ಹಿಟ್ಟಿನದು ತೆಳುವಾಗಿ, ಸ್ವಲ್ಪ ಸಿಹಿಯಾಗಿರುತ್ತದೆ. ಮೊಳೆಯುವ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟಿ, ಪಿಷ್ಟದ ಉದ್ದ ಸರವನ್ನು ತುಂಡು ತುಂಡಾಗಿ ಕತ್ತರಿಸುತ್ತದೆ. ಅಜ್ಜಿಗೆ ಅಮೈಲೇಸ್ ಎಂಬ ಹೆಸರು ಗೊತ್ತಿರಲಿಲ್ಲ, ಅದರಿಂದ ಕೆಲಸ ತೆಗೆಯುವುದು ಗೊತ್ತಿತ್ತು.

ಕಿಣ್ವಗಳು ಹೆಚ್ಚಾಗಿ ಪ್ರೋಟೀನುಗಳು. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಬೇರೆ ಬೇರೆ ಕ್ರಮದಲ್ಲಿ ಪೋಣಿಸಿ, ಮಡಿಸಿದರೆ ಪ್ರೋಟೀನು. ಕ್ರಮವನ್ನು ಹೇಳಿಕೊಡುವುದು ಡಿಎನ್‌ಎ. ಪ್ರೋಟೀನಿನ ಮಾತು ಬಂದರೆ ಜಿ.ಎನ್. ರಾಮಚಂದ್ರನ್ ಅವರನ್ನು ನೆನೆಯಲೇಬೇಕು. 1954ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಅವರು ಗೋಪಿನಾಥ ಕರ್ತಾ ಜೊತೆಗೂಡಿ, ಕೊಲಾಜೆನ್ ಎಂಬ ಪ್ರೋಟೀನು ಮೂರು ಎಳೆಗಳ ಸುರುಳಿ ಎಂದು ತೋರಿಸಿದರು. 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಅಣು ಜೈವಿಕ ಭೌತವಿಜ್ಞಾನದ ವಿಭಾಗ ಕಟ್ಟಿದರು. ಕೊಲಾಜೆನ್ ಅರ್ಥವಾಗಬೇಕಾದರೆ ನಮ್ಮ ತೆಂಗಿನ ನಾರಿನ ಹಗ್ಗ ನೋಡಿ. ಒಂದೊಂದು ಎಳೆ ಕೈಯಲ್ಲೇ ಕಿತ್ತು ಬರುತ್ತದೆ. ಮೂರು ಎಳೆ ಹೊಸೆದರೆ ಹೋರಿಯನ್ನು ಕಟ್ಟಬಹುದು. ನಿಮ್ಮ ಚರ್ಮ, ಸ್ನಾಯುರಜ್ಜು, ಮೂಳೆ, ಎಲ್ಲದರಲ್ಲೂ ಈ ಹಗ್ಗವಿದೆ.

ಇಷ್ಟೆಲ್ಲ ಕಟ್ಟಲು, ಕೆಡವಲು ಶಕ್ತಿ ಬೇಕು. ಆ ಶಕ್ತಿಯ ಚಿಲ್ಲರೆ ನಾಣ್ಯ ಎಟಿಪಿ. ಅದನ್ನು 1929ರಲ್ಲಿ ಕಂಡುಹಿಡಿದವರಲ್ಲಿ ನಮ್ಮ ಪಕ್ಕದ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರು. ಹಾರ್ವರ್ಡ್‌ನಲ್ಲಿ ಫಿಸ್ಕ್ ಜೊತೆ ಕೆಲಸ ಮಾಡಿದರು. ಮೆಟ್ರಿಕ್ಯುಲೇಷನ್ ಪಾಸಾಗಲು ಅವರಿಗೆ ಮೂರು ಸಲ ಬೇಕಾಯಿತು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಇದನ್ನು ಹೇಳುತ್ತಿರುವುದು ಧೈರ್ಯಕ್ಕೆ, ನೆಪಕ್ಕಲ್ಲ.

ಈಗ ನಾಲ್ಕನೆಯ ಸಾಮಾನು, ಈ ಬಾಟಲಿ ನೀರು.

ನಿನ್ನೆ ಪಕ್ಕದ ಕೊಠಡಿಯಲ್ಲಿ ಹಳೆಯ ಬ್ಯಾಚುಗಳ ಫೋಟೋ ಜೋಡಿಸಿಟ್ಟಿರುವುದನ್ನು ನೋಡಿದೆ. ನಮ್ಮ ಬ್ಯಾಚಿನ ಫೋಟೋದಲ್ಲಿ ಒಬ್ಬರೂ ಹಲ್ಲು ಬಿಟ್ಟು ನಕ್ಕಿಲ್ಲ. ಆಗ ಫೋಟೋಗೆ ನಗುವ ರೂಢಿ ಕಡಿಮೆ ಎನ್ನಿ. ಆದರೆ ನನ್ನ ಮಟ್ಟಿಗೆ ಕಾರಣ ಬೇರೆ ಇತ್ತು. ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಪಟ್ಟೆಗಳಿವೆ. ಇವತ್ತೂ ಇವೆ, ಹತ್ತಿರ ಕೂತವರು ನೋಡಬಹುದು. ಆಗ ಇದ್ದಿಲು ಪುಡಿಯಲ್ಲಿ ಉಜ್ಜಿದೆ, ಇಟ್ಟಿಗೆ ಪುಡಿಯಲ್ಲಿ ಉಜ್ಜಿದೆ, ಒಸಡಿನಲ್ಲಿ ರಕ್ತ ಬಂತೇ ಹೊರತು ಬಣ್ಣ ಹೋಗಲಿಲ್ಲ. ಪಿಯುಸಿಗೆ ಪಟ್ಟಣದ ಹಾಸ್ಟೆಲ್ ಸೇರಿದ ಮೊದಲ ವಾರ ಒಬ್ಬರು ಎಲ್ಲರೆದುರಿಗೆ, "ಏನೋ, ಈಗಿನಿಂದ್ಲೇ ಬೀಡಿನಾ?" ಎಂದು ಕೇಳಿದರು. ಅವತ್ತಿನಿಂದ ಎರಡು ವರ್ಷ ನಾನು ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡಿದೆ. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ.

ನನ್ನ ತಂಗಿಯ ಹಲ್ಲು ಮಾತ್ರ ಬೆಳ್ಳಗೆ. ಅವಳು ಹುಟ್ಟಿ ಆರು ತಿಂಗಳಿಗೆ ಅಮ್ಮನಿಗೆ ಹುಷಾರಿಲ್ಲದೆ, ಅವಳನ್ನು ಬೇಲೂರು ಕಡೆಯ ಅಜ್ಜಿ ಮನೆಯಲ್ಲಿ ಬಿಟ್ಟಿದ್ದರು. ಎಂಟು ವರ್ಷ ಅಲ್ಲೇ ಬೆಳೆದಳು. ಅಲ್ಲಿ ಮಳೆ ಹೆಚ್ಚು. ಯಗಚಿಗೆ ಹತ್ತಿರದ ಆ ಊರಿನ ಬಾವಿಯಲ್ಲಿ ನೀರು ಬಗ್ಗಿದರೆ ಸಿಗುವಷ್ಟು ಮೇಲಿತ್ತು. ಇಲ್ಲಿ ನಾವು ಕುಡಿದದ್ದು ಬೋರಿಂಗ್ ನೀರು. "ಅವಳು ಮಲೆನಾಡ ಸೀಮೆಯೋಳು, ಮೈಬಣ್ಣ, ಹಲ್ಲು ಎಲ್ಲಾ ಅಜ್ಜಿ ಕಡೆ ಬಂದೈತೆ" ಎಂದು ಮನೆಯಲ್ಲಿ ಅಂದುಕೊಂಡಿದ್ದೆವು. ಬಿ.ಎಸ್ಸಿ.ಯಲ್ಲಿ ಹಲ್ಲು, ಮೂಳೆಗಳ ರಸಾಯನ ಓದುವ ದಿನ ನನಗೆ ಇದು ವಂಶದ ಸಂಗತಿಯಲ್ಲ, ನೀರಿನ ಸಂಗತಿ ಎಂದು ಹೊಳೆಯಿತು. ಒಂದೇ ತಾಯಿಯ ಮಕ್ಕಳು, ಒಂದೇ ಜಿಲ್ಲೆ, ಬೇರೆ ನೀರು.

ಮೂಳೆ ಎಂದರೆ ಕೊಲಾಜೆನ್ ಹಗ್ಗದ ಸುತ್ತ ಕ್ಯಾಲ್ಸಿಯಂ, ರಂಜಕದ ಗಾರೆ ಮೆತ್ತಿದ ಗೋಡೆ. ಒಂದು ಕೋಳಿ ಮೂಳೆಯನ್ನು ವಿನಿಗರ್‌ನಲ್ಲಿ ಕೆಲವು ದಿನ ನೆನೆಸಿಡಿ. ಗಾರೆ ಕರಗಿ, ಮೂಳೆ ರಬ್ಬರಿನ ಹಾಗೆ ಬಾಗುತ್ತದೆ. ಇನ್ನೊಂದನ್ನು ಕೆಂಡದಲ್ಲಿ ಸುಡಿ. ಹಗ್ಗ ಸುಟ್ಟು, ಗಾರೆ ಮಾತ್ರ ಉಳಿದು, ಮುಟ್ಟಿದರೆ ಪುಡಿಯಾಗುತ್ತದೆ. ಆ ಗಾರೆಯ ಹೆಸರು ಹೈಡ್ರಾಕ್ಸಿಅಪಟೈಟ್: ಕ್ಯಾಲ್ಸಿಯಂ, ಫಾಸ್ಫೇಟ್, ಜೊತೆಗೆ ಹೈಡ್ರಾಕ್ಸಿಲ್ ಎಂಬ ಆಮ್ಲಜನಕ-ಜಲಜನಕದ ಜೋಡಿ. ಹಲ್ಲಿನ ಮೇಲಿನ ಎನಾಮಲ್ ಬಹುಪಾಲು ಇದೇ.

ಈಗ ಫ್ಲೋರೈಡ್ ನೋಡಿ. ಅದರ ಗಾತ್ರ ಹೈಡ್ರಾಕ್ಸಿಲ್‌ನ ಗಾತ್ರಕ್ಕೆ ಹತ್ತಿರ, ವಿದ್ಯುದಂಶವೂ ಅದೇ. ಆದ್ದರಿಂದ ಮೂಳೆಯ ಗಾರೆಯಲ್ಲಿ ಹೈಡ್ರಾಕ್ಸಿಲ್ ಜಾಗಕ್ಕೆ ಫ್ಲೋರೈಡ್ ಬಂದು ಕೂರುತ್ತದೆ. ಅಳತೆಯಲ್ಲಿದ್ದರೆ ಹಲ್ಲಿನ ಮೇಲ್ಮೈಗೆ ಇದು ಒಳ್ಳೆಯದೇ. ಹುಳಿಗೆ ಅಷ್ಟು ಬೇಗ ಕರಗುವುದಿಲ್ಲ. ಟೂತ್‌ಪೇಸ್ಟಿನಲ್ಲಿ ಅದನ್ನು ಹಾಕುವುದು ಇದಕ್ಕೇ, ಅದನ್ನು ಉಗುಳಬೇಕು, ನುಂಗಬಾರದು. ಆದರೆ ಎಳೆಯ ವಯಸ್ಸಿನಲ್ಲಿ, ದವಡೆಯೊಳಗೆ ಶಾಶ್ವತ ಹಲ್ಲು ಕಟ್ಟುತ್ತಿರುವಾಗ, ಫ್ಲೋರೈಡ್ ಹೆಚ್ಚಾದರೆ ಎನಾಮಲ್ ಕಟ್ಟುವ ಕೆಲಸವೇ ಕೆಡುತ್ತದೆ. ಒಳಗೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಹಲ್ಲು ಮೂಡುವಾಗ ಸುಣ್ಣದಂತೆ ಮಂಕಾಗಿರುತ್ತದೆ. ಆಮೇಲೆ ಆ ರಂಧ್ರಗಳಲ್ಲಿ ಕಂದು ಬಣ್ಣ ಹಿಡಿಯುತ್ತದೆ. ನಾನು ಇಟ್ಟಿಗೆ ಪುಡಿಯಿಂದ ಉಜ್ಜಿದರೆ ಹೋಗುವುದೆಲ್ಲಿಂದ? ಅದು ಕೊಳೆಯಾಗಿರಲಿಲ್ಲ. ಮಣ್ಣು ಹಸಿಯಿದ್ದಾಗಲೇ ಇಟ್ಟಿಗೆಗೆ ಸೇರಿಹೋದ ದೋಷ.

ಎಷ್ಟು ಹೆಚ್ಚಾದರೆ ಹೆಚ್ಚು? ನಮ್ಮ ದೇಶದ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ. ಬೇರೆ ನೀರು ಇಲ್ಲವೇ ಇಲ್ಲ ಎಂದಾದರೆ 1.5 ಮಿಲಿಗ್ರಾಂವರೆಗೆ. ಮನೆಯ ಮೇಲಿನ 1000 ಲೀಟರಿನ ಕಪ್ಪು ಟ್ಯಾಂಕನ್ನು ನೆನೆಯಿರಿ. ಅದರಲ್ಲಿ 1 ಗ್ರಾಂ ಫ್ಲೋರೈಡ್ ಇದ್ದರೆ ಸರಿ, ಒಂದೂವರೆ ಗ್ರಾಂ ಮೀರಿದರೆ ತೊಂದರೆ. ಒಳ್ಳೆಯ ನೀರಿಗೂ ಕೆಟ್ಟ ನೀರಿಗೂ ನಡುವೆ ಇರುವುದು ಅರ್ಧ ಗ್ರಾಂ, ಒಂದು ಚಿಟಿಕೆ. ರುಚಿ ಇಲ್ಲ, ಬಣ್ಣ ಇಲ್ಲ, ವಾಸನೆ ಇಲ್ಲ. ಮೂರು ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳಿಗೂ ತೊಂದರೆ ಬರಬಹುದು. ಹತ್ತು ದಾಟಿದರೆ ಬೆನ್ನು, ಮಂಡಿ ಮಡಚಲಾಗದ ಸ್ಥಿತಿ ಬರುತ್ತದೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ನನ್ನ ಅಮ್ಮ ಕೊನೆಯ ಹತ್ತು ವರ್ಷ ಕೂತರೆ ಏಳಲು, ಎದ್ದರೆ ಕೂರಲು ಗೋಡೆ ಹಿಡಿಯುತ್ತಿದ್ದಳು. ವಯಸ್ಸಾಯಿತು ಎಂದುಕೊಂಡೆವು. ಅದರಲ್ಲಿ ವಯಸ್ಸು ಎಷ್ಟು, ನೀರು ಎಷ್ಟು ಎಂದು ನಾನೀಗ ಹೇಳಲಾರೆ. ಆಗ ಯಾರೂ ನೀರನ್ನು ಪರೀಕ್ಷೆ ಮಾಡಿಸಲಿಲ್ಲ. ರಸಾಯನ ಓದಿದ ಮಗ ನಾನೂ ಮಾಡಿಸಲಿಲ್ಲ.

ಫ್ಲೋರೈಡ್ ಎಲ್ಲಿಂದ ಬಂತು? ಯಾವ ಕಾರ್ಖಾನೆಯಿಂದಲೂ ಅಲ್ಲ. ನಮ್ಮ ಕಾಲ ಕೆಳಗಿನ ಬಂಡೆಯಲ್ಲೇ ಅದು ಇದೆ. ನೀರು ಬಂಡೆಯನ್ನೂ ಕರಗಿಸುತ್ತದೆ ಎಂದು ಆಗ ಹೇಳಿದೆನಲ್ಲ, ಅದು ಇದೇ. ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರು ಖನಿಜಗಳಿಂದ ಫ್ಲೋರೈಡನ್ನು ಸ್ವಲ್ಪ ಸ್ವಲ್ಪವೇ ಎಳೆದುಕೊಳ್ಳುತ್ತದೆ. ಅರಸೀಕೆರೆ ತಾಲ್ಲೂಕಿನ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಇದು ಮಿತಿ ಮೀರಿದೆ.

ನಮ್ಮ ಸೀಮೆಯ ಊರಿನ ಹೆಸರುಗಳನ್ನು ಸ್ವಲ್ಪ ಯೋಚಿಸಿ ನೋಡಿ. ಅರಸೀಕೆರೆ ಎಂದರೆ ಅರಸಿಯ ಕೆರೆ. ಹಳೇಬೀಡಿನ ಹಿಂದಿನ ಹೆಸರು ದೋರಸಮುದ್ರ. ಅಲ್ಲಿ ಸಮುದ್ರ ಎಂದರೆ ದೊಡ್ಡ ಕೆರೆ, ಇವತ್ತೂ ದೇವಸ್ಥಾನದ ಹತ್ತಿರವೇ ಇದೆ. ಬೇಲೂರು ಯಗಚಿಯ ದಡದಲ್ಲಿದೆ. ಹೊಯ್ಸಳರ ಕಾಲದವರಿಗೆ ಫ್ಲೋರೈಡ್ ಗೊತ್ತಿರಲಿಲ್ಲ, ಆದರೆ ಅವರು ಊರು ಕಟ್ಟಿದ್ದು ಮೇಲೆ ನಿಂತ ಮಳೆನೀರನ್ನು ನಂಬಿ. ನಾವು ಕೆರೆಗೆ ಹೂಳು ತುಂಬಲು ಬಿಟ್ಟು, ನೀರಿಗಾಗಿ ಬಂಡೆಯ ಒಳಕ್ಕೆ ಇಳಿದೆವು. ನೂರಡಿ ಸಾಲದೆ ಇನ್ನೂರು, ಇನ್ನೂರು ಸಾಲದೆ ಐನೂರು, ಈಗ ಸಾವಿರ. ತೆಂಗಿನ ತೋಟ ಉಳಿಸಿಕೊಳ್ಳಲು ನಮ್ಮಪ್ಪನೂ ಕೊರೆಸಿದರು, ನಾನೂ ಕೊರೆಸಿದ್ದೇನೆ. ಬೈಯಲು ನನಗೆ ಅಧಿಕಾರವಿಲ್ಲ. ಲೆಕ್ಕ ಮಾತ್ರ ಹೇಳುತ್ತಿದ್ದೇನೆ.

ಹಾಗಾದರೆ ಏನು ಮಾಡಬೇಕು? ಒಂದೆರಡು ತಪ್ಪು ತಿಳಿವಳಿಕೆ ಮೊದಲು ಬಿಡಬೇಕು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕುದಿಸಿದಾಗ ರೋಗಾಣು ಸಾಯುತ್ತದೆ, ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ನಾಗಪುರದ ನೀರಿ ಸಂಸ್ಥೆಯವರು 1970ರ ದಶಕದಲ್ಲಿ ಪಟಿಕ ಮತ್ತು ಸುಣ್ಣ ಬಳಸಿ ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನ ರೂಪಿಸಿದರು. ಈಗ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳಿವೆ. ಘಟಕ ಕೆಟ್ಟು ನಿಂತಾಗ ಸುಮ್ಮನೆ ಮನೆಯ ನಲ್ಲಿಗೆ ಹಿಂದಿರುಗಬೇಡಿ, ಪಂಚಾಯಿತಿಗೆ ಹೋಗಿ ಕೇಳಿ. ಘಟಕದ ನೀರನ್ನು ಅಪ್ಪ ಮಾತ್ರ ಕುಡಿದು, ಮಗುವಿನ ಹಾಲಿಗೆ, ಅಡುಗೆಗೆ ಬೋರಿನ ನೀರು ಹಾಕುವ ಮನೆಗಳಿವೆ. ತಿರುಗಿಸಬೇಕು, ಮೊದಲ ಪಾಲು ಎಂಟು ವರ್ಷದೊಳಗಿನ ಮಕ್ಕಳಿಗೆ. ಅವರ ಹಲ್ಲು ಈಗ ಕಟ್ಟುತ್ತಿದೆ. ಜೊತೆಗೆ ಊಟದಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಹೊಟ್ಟೆಯಲ್ಲೇ ಫ್ಲೋರೈಡನ್ನು ಸ್ವಲ್ಪಮಟ್ಟಿಗೆ ಹಿಡಿದುಕೊಂಡು, ಮೈಗೆ ಸೇರದಂತೆ ತಡೆಯುತ್ತದೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಮುದ್ದೆ ಬಿಟ್ಟು ಬರೀ ಅನ್ನಕ್ಕೆ ಹೋಗುವ ಮುಂಚೆ ಈ ಎರಡು ಸಂಖ್ಯೆ ನೆನಪಿಸಿಕೊಳ್ಳಿ.

ಮಳೆನೀರಿನಲ್ಲಿ ಬಂಡೆಯ ಫ್ಲೋರೈಡ್ ಇರುವುದಿಲ್ಲ. ನೂರು ಚದರ ಮೀಟರ್ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1000 ಲೀಟರ್ ನೀರು. ಇದನ್ನು ನಿಮ್ಮ ಗಣಿತದ ಮೇಷ್ಟ್ರ ಹತ್ತಿರ ಲೆಕ್ಕ ಹಾಕಿಸಿಕೊಳ್ಳಿ. ಆಮೇಲೆ ಈ ಶಾಲೆಯ ಚಾವಣಿಯ ಉದ್ದ, ಅಗಲ ಅಳೆಯಿರಿ.

ಕೊನೆಯ ಮಾತು. ನಮ್ಮ ಬ್ಯಾಚಿನವರು ಸೇರಿ ಶಾಲೆಗೆ ಏನಾದರೂ ಕೊಡಬೇಕೆಂದಾಗ ಒಬ್ಬರು ಗಡಿಯಾರ ಎಂದರು, ಒಬ್ಬರು ಬೀರು ಎಂದರು. ನಾನು ಹಟ ಹಿಡಿದು ಎರಡು ನೀರು ಪರೀಕ್ಷೆ ಕಿಟ್ ಕೊಡಿಸಿದ್ದೇನೆ. ಮಾದರಿ ನೀರಿಗೆ ಹನಿ ಹಾಕಿ, ಬಣ್ಣ ಬದಲಾಗುವುದನ್ನು ಪಟ್ಟಿಯ ಜೊತೆ ಹೋಲಿಸಿದರೆ ಫ್ಲೋರೈಡ್ ಅಂದಾಜು ಸಿಗುತ್ತದೆ. ನೀವು ಒಬ್ಬೊಬ್ಬರೂ ಮನೆಯಿಂದ ಒಂದು ಬಾಟಲಿ ನೀರು ತನ್ನಿ. ಬಾವಿ ಯಾವುದು, ಆಳ ಎಷ್ಟು, ತಾರೀಖು ಯಾವುದು, ಬಂದ ಸಂಖ್ಯೆ ಎಷ್ಟು ಎಂದು ಬರೆದು ಪ್ರಯೋಗಶಾಲೆಯ ಗೋಡೆಗೆ ಹಾಕಿ. ಒಂದೂವರೆ ಮೀರಿದ್ದನ್ನು ವಿಜ್ಞಾನ ಶಿಕ್ಷಕರಿಗೆ ತೋರಿಸಿ ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಿ, ಅಲ್ಲಿನ ವರದಿ ಹಿಡಿದು ಪಂಚಾಯಿತಿಗೆ ಹೋಗಿ. ಮೊದಲ ಮಾದರಿ ಈ ಬಾಟಲಿ. ನಮ್ಮ ಹಳೆಯ ಮನೆಯ ಬೋರಿನದು. ಪರೀಕ್ಷೆ ನಾನು ಮಾಡಿಲ್ಲ, ನೀವೇ ಮಾಡಿ ನನಗೆ ಫೋನ್ ಮಾಡಿ.

ಜೀವಿಗಳ ರಸಾಯನ ಪರೀಕ್ಷೆಯಲ್ಲಿ ಕೆಲವು ಅಂಕಗಳ ಪಾಠ. ಆ ಅಂಕ ನಿಮಗೆ ಸಿಗಲಿ. ಇನ್ನು ಐವತ್ತು ವರ್ಷಕ್ಕೆ ಶಾಲೆಯ ಶತಮಾನೋತ್ಸವ ಹತ್ತಿರವಾಗಿ, ನಿಮ್ಮ ಮಕ್ಕಳು, ಮೊಮ್ಮಕ್ಕಳು ಇಲ್ಲೇ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುವಾಗ, ಯಾರೂ ತುಟಿ ಬಿಗಿಹಿಡಿಯದೆ ನಗುವಂತಾಗಲಿ.

ಒಡೆದ ಕಾಯಿ ಇಲ್ಲಿದೆ, ಬೆಲ್ಲವೂ ತಂದಿದ್ದೇನೆ. ಹಂಚಿಕೊಂಡು ತಿನ್ನಿ.